ಹುಣ್ಣಿಮೆಗೆ ಮುಂಚೆ ಕಡಿದ ಮರ

ನನ್ನ ಅಕ್ಷರ ಸೊಟ್ಟ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು. ಪದ ತಪ್ಪಿದ್ದರೆ ಓದುವವರು ಮನ್ನಿಸಬೇಕು. ಕ್ಯಾರಿಯಾಕೂ ದ್ವೀಪದ ವಿಂಡ್‌ವರ್ಡ್ ಊರಿನ ದೋಣಿ ಬಡಗಿ ಎಜ್ರಾ ಕಾಂಪ್ಟನ್ ನನ್ನ ತಾತ.

ಎಜ್ರಾ ಎಂದೂ ನಕ್ಷೆ ಬರೆದವನಲ್ಲ. ಮರಳಿನ ಮೇಲೆ ದೋಣಿಯ ಬೆನ್ನೆಲುಬಾದ ಅಡಿಮರ ಇಟ್ಟು, ಶುಭವಾಗಲೆಂದು ಅದಕ್ಕೆ ರಮ್ ಸುರಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಇಡೀ ದೋಣಿ ಅವನಿಗೆ ಕಾಣುತ್ತಿತ್ತು. ಅವನ ಅಪ್ಪ, ಅಜ್ಜ ಕಟ್ಟಿದ್ದೂ ಹಾಗೆಯೇ. ಆ ದೋಣಿಗಳು ಕುರಿ, ಮೇಕೆ ತುಂಬಿಕೊಂಡು ಟ್ರಿನಿಡಾಡ್‌ವರೆಗೆ ಹೋಗಿ ಬಂದವು. ದೋಣಿಯ ಒಡಲನ್ನು ಹಿಡಿದಿಡುವ ಬಾಗಿದ ಪಕ್ಕೆಲುಬುಗಳಿಗೆ ಬೇಕಾದ ಸೀಡರ್ ಮರವನ್ನು ಹುಣ್ಣಿಮೆ ಕಳೆದು ಚಂದ್ರ ಸವೆಯುವಾಗಲೇ ಕಡಿಯಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಇದು ಊರಿನ ಹಸುಗೂಸಿಗೂ ಗೊತ್ತು.

ಅವನು ಕಟ್ಟಿದ ಕೊನೆಯ ದೋಣಿಗೆ ಎರಡು ಪಕ್ಕೆಲುಬಿನಷ್ಟು ಮರ ಸಾಲದೆ ಬಂತು. ಅವನ ಮಗ, ಅಂದರೆ ನನ್ನ ಅಪ್ಪ ಲೈಲ್‌ಗೆ ಅವಸರ.

"ಚಂದ್ರನ್ನ ಕಾಯ್ತಾ ಕೂತ್ರೆ ಸರಕೆಲ್ಲ ಬೇರೆಯವರ ಪಾಲಾಗುತ್ತೆ ಅಪ್ಪಾ. ಹುಳಕ್ಕೇನು ಕ್ಯಾಲೆಂಡರ್ ಓದೋಕೆ ಬರುತ್ತಾ?"

ಎಜ್ರಾ ನಕ್ಕುಬಿಟ್ಟ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಒಬ್ಬನೇ ಗುಡ್ಡಕ್ಕೆ ಹೋಗಿ ಕಡಿದು ತಂದ.

ಕಟ್ಟಿದ ಮೂರನೇ ವರ್ಷ ಆ ದೋಣಿ ಗ್ರೆನಡಾದಿಂದ ಮರಳಲಿಲ್ಲ. ಅದನ್ನು ನಡೆಸುತ್ತಿದ್ದ ಅಪ್ಪನೂ ಬರಲಿಲ್ಲ. ವಾರದ ಮೇಲೆ ದಡಕ್ಕೆ ಬಂದ ಒಂದು ತುಂಡು ಪಕ್ಕೆಲುಬು ಎಜ್ರಾನ ಕೈಗೇ ಸಿಕ್ಕಿತು. ಹುಳ ತಿಂದು, ಉಗುರು ಒತ್ತಿದರೆ ಹಿಟ್ಟಾಗುತ್ತಿತ್ತು. ಅದನ್ನು ಮಂಚದ ಕೆಳಗೆ ಬಚ್ಚಿಟ್ಟ.

ಐದು ವರ್ಷ ಕಳೆದ ಮೇಲೆ, ಹೆಣ ಸಿಗದಿದ್ದರೂ ಮಗನ ಹೆಸರಲ್ಲಿ ಸಮಾಧಿ ಕಲ್ಲು ನಿಲ್ಲಿಸಬೇಕೆಂದು ಅಜ್ಜಿ ಲಿಯೋನಾ ಹಟ ಹಿಡಿದಳು. ಕಲ್ಲು ನಿಲ್ಲಿಸಿ ಊಟ ಹಾಕಿದರೆ ಸತ್ತವರು ಕನಸಿಗೆ ಬಂದು ಕಾಡುವುದಿಲ್ಲ. ಆ ಊಟದ ದಿನ ಅಂಗಳದಲ್ಲಿ ಕಲ್ಲಿನ ಎದುರು ನಿಂತ ತಾತನನ್ನು ಪಕ್ಕದ ಮನೆಯ ಹ್ಯಾನ್ಸನ್ ಛೇಡಿಸಿದ: "ಏನಯ್ಯಾ, ಇದಕ್ಕೂ ಒಂದು ಕಣ್ಣು ಮುಚ್ಚಿ ಅಳತೆ ತಗೋತೀಯಾ?"

ಎಜ್ರಾ ಮನೆಯೊಳಗೆ ಹೋಗಿ, ಸತ್ತವರಿಗೆಂದು ಬಡಿಸಿಟ್ಟ ತಟ್ಟೆಯ ಪಕ್ಕ ಆ ತುಂಡನ್ನು ಇಟ್ಟ.

"ಎಡೆ ಹತ್ರ ಎಂಥ ಕಟ್ಟಿಗೆ ತಂದಿಟ್ಯೋ ಮುದುಕಾ?" ಎಂದಳು ಅಜ್ಜಿ.

"ಲೈಲ್ ದೋಣೀದು. ಹುಣ್ಣಿಮೆಗೆ ಮುಂಚೆ ಕಡಿದೆ. ನಾನೇ."

ಅಜ್ಜಿ ಬಡಿಸುವ ಸೌಟು ಕೈಗೆತ್ತಿಕೊಂಡಳು.

"ಐದು ವರ್ಷ ಸಮುದ್ರಾನ ಬೈದೆ ನಾನು. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ."

ಎಲ್ಲರಿಗೂ ಬಡಿಸಿದಳು, ಅವನೊಬ್ಬನನ್ನು ಬಿಟ್ಟು.

ಅಂದಿನಿಂದ ತಾತ ಕೊಡಲಿ ಮುಟ್ಟಿಲ್ಲ. ಹುಣ್ಣಿಮೆ ಕಳೆದು ಇವತ್ತಿಗೆ ಮೂರು ದಿನ. ನಾಳೆ ಬೆಳಿಗ್ಗೆ ನಾನು ಗುಡ್ಡಕ್ಕೆ ಹೋಗಿ ಒಂದು ಸೀಡರ್ ಕಡಿದು ತಂದು ಅವನ ಬಾಗಿಲ ಬಳಿ ಒರಗಿಸುತ್ತೇನೆ.