ಮೀಟರ್ ಮೈಲಾರೇಶ ಹೇಳಿದ ಆಡಿನ ಹಾಲು

ನಮ್ಮೂರು ಇಟ್ಟಿಗಿಯಲ್ಲಿ ಕರೆಂಟ್ ಮೀಟರ್ ಓದುವ ಮೈಲಾರೇಶನಿಗೆ ನಿಂತಲ್ಲಿ ನಿಲ್ಲುವ ಅಭ್ಯಾಸವೇ ಇಲ್ಲ. ಬಿಲ್ಲು ಕೈಗಿಡುವಾಗಲೇ ಅವನ ಕಣ್ಣು ಮುಂದಿನ ಮನೆಯ ಮೇಲಿರುತ್ತದೆ. ಆದರೆ ಯಾರಾದರೂ ಮೊಣಕಾಲು ನೋವು, ಹೊಟ್ಟೆಯುರಿ ಅಂದರೆ ಸಾಕು, ಫೋನು ತೆಗೆದು, ಹುಡುಕಿ, ಗಟ್ಟಿಯಾಗಿ ಓದಿ ಹೇಳುತ್ತಿದ್ದ. ತಿಂಗಳಿಗೊಮ್ಮೆ ಬರುವ ಅವನನ್ನು ಜನ ಡಾಕ್ಟರನ್ನು ಕಾದಂತೆ ಕಾಯುತ್ತಿದ್ದರು. ನಾನು ಅವನ ಪಕ್ಕದ ಮನೆಯವನು, ಹೈಸ್ಕೂಲಿನಲ್ಲಿ ಗುಮಾಸ್ತ. ಅವನು ಓದಿದ್ದಕ್ಕೆಲ್ಲ ತಲೆಯಾಡಿಸಿದವನು ನಾನೂ ಹೌದು, ಹಾಗಾಗಿ ಅವನೊಬ್ಬನನ್ನೇ ಬೈಯುವ ಮುಖ ನನಗಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಅಪ್ಪ ಪಾಲಾಕ್ಷಪ್ಪನಿಗೆ ಜ್ವರ ಹಿಡಿಯಿತು. ಎಪ್ಪತ್ತು ಕುರಿ, ಏಳೆಂಟು ಆಡು ಕಾಯುವ ಗಟ್ಟಿ ಮನುಷ್ಯ. ಸಂಜೆಯಾದರೆ ಮೈ ಕಾದು, ಬೆವರಿ, ಕಂಬಳಿ ತೋಯುತ್ತಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಸೊಂಟ, ಕೀಲು, ಎಲ್ಲ ನೋವು. ಮೈಲಾರೇಶ ಜ್ವರ, ಕೀಲುನೋವು ಅಂತ ಟೈಪು ಮಾಡಿದ. ಒಂದು ಪುಟ ಡೆಂಗ್ಯೂ ಅಂದಿತು, ಇನ್ನೊಂದು ಚಿಕೂನ್‌ಗುನ್ಯಾ ಅಂದಿತು, ಮೂರನೆಯದು ರಕ್ತದ ಕ್ಯಾನ್ಸರೂ ಇರಬಹುದು ಅಂದಿತು. ಆ ದಿನ ಅವನು ಊಟ ಮಾಡಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ, ಅದೇ ಪುಟವನ್ನು ಹತ್ತು ಸಲ ತೆಗೆದು ಮುಚ್ಚಿದ.

"ಅಪ್ಪಾ, ಹಡಗಲಿಗೆ ಹೋಗೋಣ ನಡಿ, ರಕ್ತ ತೋರಿಸೋಣ."

"ಹೋಗಲೇ, ಕುರಿ ಯಾರು ಕಾಯ್ತಾರ? ನಿನ್ನ ಫೋನಿನಾಗ ಏನೈತಿ, ಅದನ್ನ ಮಾಡು" ಅಂದ ಪಾಲಾಕ್ಷಪ್ಪ.

ಫೋನಿನಲ್ಲಿ ಒಂದು ಚಂದದ ಪುಟವಿತ್ತು. ಹಸಿರು ಬಣ್ಣ, ಬಿಳಿ ಕೋಟು ಹಾಕಿದವರ ಫೋಟೋ, ಕೆಳಗೆ ಸಾವಿರಾರು ಜನರ ಮೆಚ್ಚುಗೆ. ಬರೆದವರ ಹೆಸರಿಲ್ಲ, ತಾರೀಖಿಲ್ಲ. ಅದನ್ನು ಹುಡುಕಬೇಕೆಂದು ನಮಗೆ ತೋಚಲೂ ಇಲ್ಲ. ಆಡಿನ ಹಾಲು ಹಸಿಯಾಗಿ ಕುಡಿದರೆ ಡೆಂಗ್ಯೂನಲ್ಲಿ ಇಳಿದ ಪ್ಲೇಟ್‌ಲೆಟ್ ಏರುತ್ತದೆ, ಕಾಯಿಸಿದರೆ ಸತ್ವ ಹೋಗುತ್ತದೆ ಅಂತಿತ್ತು. ಹಿಂಡಿನಲ್ಲೇ ಆಡುಗಳಿದ್ದವಲ್ಲ! ಮಾರನೇ ಬೆಳಗ್ಗೆಯಿಂದ, ನೊರೆ ಆರುವ ಮೊದಲೇ, ಪಾಲಾಕ್ಷಪ್ಪನಿಗೆ ಒಂದು ದೊಡ್ಡ ಲೋಟ. ಊರಲ್ಲಿ ಜ್ವರವಿದ್ದ ಇನ್ನೂ ಮೂರು ಮನೆಗೆ ಮೈಲಾರೇಶ ತಾನೇ ಹಾಲು ಕೊಟ್ಟುಬಂದ. ಅದರಲ್ಲೊಂದು ಉಚ್ಚಂಗೆಮ್ಮನ ಮನೆ. ಅವಳ ಆರು ವರ್ಷದ ಮೊಮ್ಮಗಳು ಪ್ರಿಯಾ ವಾರವಿಡೀ ಕುಡಿದಳು, ಜ್ವರ ಬಿಟ್ಟಿತು, ಮೈಲಾರೇಶನ ಹೆಸರು ಇನ್ನಷ್ಟು ದೊಡ್ಡದಾಯಿತು.

ಈ ಜ್ವರಕ್ಕೂ ಒಂದು ತಿಂಗಳ ಹಿಂದೆ ಹಿಂಡಿನಲ್ಲಿ ಐದು ಕುರಿ, ಎರಡು ಆಡು ದಿನ ತುಂಬದೆ ಸತ್ತ ಮರಿ ಹಾಕಿದ್ದವು. ಕಂದು ಹಾಕುವುದು ಅನ್ನುತ್ತೇವೆ. ಪಾಲಾಕ್ಷಪ್ಪ ಬರಿಗೈಯಲ್ಲೇ ಎಳೆದು, ಬರಿಗೈಯಲ್ಲೇ ಹೂತಿದ್ದ. ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಆಗಲೂ ಮೈಲಾರೇಶ ಫೋನಿನಲ್ಲಿ ಹುಡುಕಿದ್ದ. ಸಿಕ್ಕಿದ್ದು ಪಶುವೈದ್ಯರೊಬ್ಬರು ಹೆಸರು ಹಾಕಿ ಬರೆದ ಪುಟ. ಬಣ್ಣವಿಲ್ಲ, ಫೋಟೋ ಇಲ್ಲ, ಸಣ್ಣ ಅಕ್ಷರ. ಕುರಿಗೆ ಏನು ಮಾಡಬೇಕು ಅನ್ನುವಲ್ಲಿಯವರೆಗೆ ಇಬ್ಬರೂ ಓದಿ ಮುಚ್ಚಿದ್ದೆವು. ಕುರಿಯ ರೋಗ ಕುರಿಗೆ, ಮನುಷ್ಯನ ಜ್ವರ ಮನುಷ್ಯನಿಗೆ. ಎರಡನ್ನೂ ಒಟ್ಟಿಗೆ ಕೇಳಬೇಕೆಂದು ಕುರಿಯವರ ಮನೆಯಲ್ಲಿ ಹುಟ್ಟಿದ ಅವನಿಗೇ ಹೊಳೆಯಲಿಲ್ಲ.

ಹಾಲು ಕುಡಿಯಲು ಹಿಡಿದು ಇಪ್ಪತ್ತು ದಿನಕ್ಕೆ ಪಾಲಾಕ್ಷಪ್ಪ ಎದ್ದು ಕೂರಲಾರದವನಾದ. ಮೈಲಾರೇಶ ಇನ್ನು ಅವನ ಮಾತು ಕೇಳಲಿಲ್ಲ. ಇಬ್ಬರೂ ಸೇರಿ ಆಟೋದಲ್ಲಿ ಹಾಕಿಕೊಂಡು ಹಡಗಲಿಯ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಮುದುಕನ ಕೈ ಹಿಡಿದು ಕೇಳಿದ ಮೊದಲ ಮಾತೇ, "ಯಜಮಾನ್ರೇ, ಕುರಿ ಕಾಯ್ತೀರೇನ್ರಿ? ಯಾವಾದ್ರೂ ಕಂದು ಹಾಕ್ಯಾವೇನು?"

ಅಷ್ಟೊಂದು ಪುಟಗಳಲ್ಲಿ ಒಂದೂ ಈ ಪ್ರಶ್ನೆ ಕೇಳಿರಲಿಲ್ಲ.

ಎರಡು ದಿನಕ್ಕೆ ರಕ್ತದ ರಿಪೋರ್ಟು ಬಂತು. ಬ್ರುಸೆಲ್ಲಾ ಅಂತ ಹೆಸರು, ಕುರಿ-ಆಡಿನಿಂದಲೇ ಬರುವ ಜ್ವರ. "ಆರು ವಾರ ಗುಳಿಗಿ ನುಂಗಬೇಕ್ರಿ, ಒಂದು ದಿನಾನೂ ತಪ್ಪಿಸಬಾರದು. ಆರಾಮಾಗ್ತಾರ" ಅಂದರು ಡಾಕ್ಟರಮ್ಮ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ತಲೆಯೆತ್ತಿ, "ಆ ಹಿಂಡಿನ ಹಾಲು ಕಾಯಿಸದ ಕುಡಿದೋರು ಮತ್ತ ಯಾರಾರ ಅದಾರೇನ್ರಿ?" ಅಂದರು.

ಮೈಲಾರೇಶ ಮೂರು ಮನೆಗಳ ಹೆಸರು ಹೇಳಿದ. ಹೊರಗೆ ಬಂದು ಆ ಪಶುವೈದ್ಯರ ಪುಟ ತೆಗೆದ. ನಾವು ಬಿಟ್ಟಿದ್ದ ಕೊನೆಯ ಸಾಲುಗಳಲ್ಲಿತ್ತು: ಹಸಿ ಹಾಲಿನಿಂದಲೂ ಸತ್ತ ಮರಿ ಮುಟ್ಟಿದ್ದರಿಂದಲೂ ಈ ರೋಗ ಮನುಷ್ಯರಿಗೆ ಬರುತ್ತದೆ. ನನಗೆ ನಾಚಿಕೆಯಾಯಿತು. ಆ ಹಸಿರು ಪುಟ ಬರೆದವನು ಯಾರೋ, ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಅಪ್ಪನನ್ನು ಮನೆಯಲ್ಲಿ ಮಲಗಿಸಿದವನೇ ಮೈಲಾರೇಶ ಬೈಕು ತೆಗೆದ. ನಾನೂ ಹಿಂದೆ ಹತ್ತಿದೆ. ಮೊದಲ ಎರಡು ಮನೆಯವರು ಆರೋಗ್ಯವಾಗಿದ್ದರು; ನಾಳೆಯೇ ರಕ್ತ ತೋರಿಸಿ ಅಂತ ಗೋಗರೆದು ಬಂದ. ಮೂರನೆಯದು ಉಚ್ಚಂಗೆಮ್ಮನ ಮನೆ. ಪ್ರಿಯಾ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಮುದುಕಿ ನಮ್ಮನ್ನು ನೋಡಿ ಓಡಿಬಂದಳು.

"ಬಂದೆಯಾ ನನ್ನಪ್ಪಾ! ಹುಡುಗಿಗೆ ಮೂರು ದಿನದಿಂದ ಮತ್ತ ಜ್ವರ. ಹಾಲು ನಿಲ್ಲಿಸಿದ್ದಕ್ಕ ಬಂತು ಅಂತ ತಿಳ್ಕೊಂಡೀನಿ."

"ಅವ್ವಾ, ಆ ಹಾಲಿನಾಗ ರೋಗ ಐತಿ" ಅಂದ ಮೈಲಾರೇಶ. "ನಾ ತಪ್ಪು ಹೇಳಿದ್ದೆ. ಕೂಸಿನ್ನ ಎತ್ತಿಕೋ, ಈಗಲೇ ಹಡಗಲಿಗೆ ಹೋಗೋಣ."

ಉಚ್ಚಂಗೆಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ತೊಳೆದಿಟ್ಟ ಲೋಟ ತಂದು ಅವನ ಮುಂದೆ ಹಿಡಿದಳು.

"ಅಂಜಿಕಿಗೆ ಏನೇನೋ ಮಾತಾಡಬ್ಯಾಡ. ನೀ ಓದಿ ಹೇಳಿದ್ದು ಎಂದಾರ ಸುಳ್ಳಾಗೈತೇನು? ಇದರ ತುಂಬ ಹಾಲು ಕೊಡು ಸಾಕು."