ಬೀಜಕ್ಕೆ ಉಳಿಸಿದ ಹುಂಜ

ನಾನು ಮಲಪನಗುಡಿಯಿಂದ ಕಂಪ್ಲಿಗೆ ಸೊಸೆಯಾಗಿ ಹೊರಟಾಗ ಓರಗೆಯ ಹುಡುಗಿಯರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ನನ್ನ ಅತ್ತೆ ಸಾಕುವಂಥ ಜವಾರಿ ಕೋಳಿ ಸುತ್ತಲಿನ ಯಾವ ಊರಲ್ಲೂ ಇಲ್ಲ, ಆ ಮನೆ ಸೇರಿದವಳಿಗೆ ಮೆತ್ತನೆಯ ಕೋಳಿ ಸಾರು ತಪ್ಪುವುದಿಲ್ಲ ಎಂದು ಮಾತಾಡಿಕೊಂಡಿದ್ದರು. ನಾನೂ ಅದನ್ನೇ ನಂಬಿ ಗಾಡಿ ಹತ್ತಿದ್ದೆ. ಕಂಪ್ಲಿಯಲ್ಲಿ ಮೊದಲ ಸಲ ತಟ್ಟೆಗೆ ಬಿದ್ದ ತುಂಡನ್ನು ಜಗಿಯುತ್ತ ಜಗಿಯುತ್ತ ದವಡೆ ನೋಯಿತು. ಗಂಡನ ಮುಖ ನೋಡಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ನುಂಗಿಬಿಡು. ಜಗೀತಾ ಕುಂತ್ರ ಮುಗಿಯಂಗಿಲ್ಲ" ಎಂದರು.

ಕಾರಣ ತಿಳಿಯಲು ಒಂದು ವಾರ ಸಾಕಾಯಿತು. ಒಳ್ಳೆಯ ಕೋಳಿಯನ್ನು ತಿಂದರೆ ಮುಂದೆ ಒಳ್ಳೆಯ ಮರಿ ಎಲ್ಲಿಂದ ಬರಬೇಕು ಎಂಬುದು ಅತ್ತೆಯ ವಾದ. ಹಾಗಾಗಿ ಒಳ್ಳೆಯವೆಲ್ಲ ಬೀಜಕ್ಕೆ ಉಳಿಯುತ್ತಿದ್ದವು. ಬಡಕಲು, ಕುಂಟು, ಜಗಳಗಂಟಿ, ಮೊಟ್ಟೆ ಬಿಟ್ಟು ಎದ್ದು ಹೋದ ಹ್ಯಾಟೆ, ಇವು ನಮ್ಮ ಹೊಟ್ಟೆಗೆ. ಇಪ್ಪತ್ತು ವರ್ಷ ಹೀಗೆ ಆರಿಸಿ ಆರಿಸಿ ಅತ್ತೆ ಮಾಂಸಕ್ಕೆಂದೇ ಒಂದು ತಳಿ ತಯಾರು ಮಾಡಿದ್ದರು. ಅದರ ಮಾಂಸದ ರುಚಿ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆರಿಸುವುದು ಬೆಳಗಿನ ಕೆಲಸ. ಕೋಳಿ ಮುಚ್ಚಿದ ಬುಟ್ಟಿಯನ್ನು ಪೂರ್ತಿ ಎತ್ತುವ ಮೊದಲೇ ಅತ್ತೆ ಒಂದೊಂದನ್ನೇ ಎಡಗಂಕುಳಲ್ಲಿ ಅವಚಿಕೊಂಡು, ಬಲಗೈಯ ಎರಡು ಬೆರಳಿನಿಂದ ಎದೆಯ ಎಲುಬು ಸವರುತ್ತಿದ್ದರು. ಎಲುಬು ಕುಡುಗೋಲಿನ ಅಲಗಿನಂತೆ ಕೈಗೆ ಸಿಕ್ಕರೆ ಅದು ಅಡುಗೆಗೆ. ಎರಡೂ ಕಡೆ ಮಾಂಸ ತುಂಬಿ ಎಲುಬು ಹುಡುಕಬೇಕಾಗಿ ಬಂದರೆ ಬೀಜಕ್ಕೆ. ಆಮೇಲೆ ನೆಲಕ್ಕೆ ಬಿಟ್ಟು ನಡಿಗೆ ನೋಡುವರು. ಕಾಲು ಅಗಲಿಸಿ ನಿಂತರೆ ಸೈ, ಮೊಣಕಾಲು ತಾಕಿಸಿಕೊಂಡು ನಡೆದರೆ ಇಲ್ಲ. ಉಳಿಸುವುದರ ಕಾಲಿಗೆ ಕೆಂಪು ದಾರ, ತಿನ್ನುವುದಕ್ಕೆ ಬಿಳಿ ದಾರ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಮುಟ್ಟು, ಇಲ್ಲಿ ಮುಟ್ಟು. ಕಣ್ಣಿಗೆ ಪುಚ್ಚ ಕಾಣ್ತಾವ, ಕೈಗೆ ಕೋಳಿ ಸಿಗತೈತಿ" ಎನ್ನುತ್ತಿದ್ದರು. ನಾನು ಮುಟ್ಟುತ್ತಿದ್ದೆ. ಮೊದಲು ಎಲ್ಲವೂ ಒಂದೇ ಥರ ಅನ್ನಿಸುತ್ತಿದ್ದವು. ಎರಡು ವರ್ಷ ಕಳೆಯುವುದರಲ್ಲಿ ನನ್ನ ಬೆರಳಿಗೂ ಬುದ್ಧಿ ಬಂತು.

ನಮ್ಮ ಎದುರಿಗೆ ಅಕ್ಕಿ ಗಿರಣಿ. ಅದರ ಸಾವುಕಾರರು ಹಣೆ ತುಂಬ ವಿಭೂತಿ ಧರಿಸುವ ಶಿವಭಕ್ತರು, ಹುಟ್ಟಿದಂದಿನಿಂದ ಮಾಂಸ ಕಂಡವರಲ್ಲ. ಆದರೆ ಪೂಜೆ ಮುಗಿಸಿ ಬಂದು ನಮ್ಮ ಬೇಲಿಯ ಹತ್ತಿರ ನಿಂತರೆಂದರೆ ಗಿರಣಿಯ ಸೀಟಿ ಕೂಗಿದರೂ ಕದಲುತ್ತಿರಲಿಲ್ಲ. "ಏನ್ ಎದಿ ಐತಬೇ ಯಕ್ಕಾ ಅದಕ್ಕ! ಪೈಲ್ವಾನ ಇದ್ದಂಗ ಐತಿ!" ಎಂದು ಬಾಯಿ ತುಂಬ ಹೊಗಳುವರು. ಹೊಗಳಿ ಹೋದ ಮೇಲೆ ಒಂದು ಪುಟ್ಟಿ ನುಚ್ಚು ಕಳಿಸುವರು. ಹೆಸರು ಕೇಳಿದವರು ಬಹಳ ಮಂದಿ, ಅತ್ತೆಯ ಕೋಳಿಯ ಬೆಲೆ ತಿಳಿದವರು ಊರಲ್ಲಿ ಅವರೊಬ್ಬರೇ.

ನಾನು ಬಂದ ಮೂರನೆಯ ವರ್ಷ ಒಂದೇ ಕಾವಿನಲ್ಲಿ ಎರಡು ಹುಂಜ ಮರಿಗಳು ಎದ್ದವು, ಎರಡೂ ಕೆಂಪು. ಅಂಥವು ಹಿಂದೆ ಬಂದಿರಲಿಲ್ಲ ಎಂದು ಅತ್ತೆಯೇ ಹೇಳಿದರು. ದೊಡ್ಡದು ತಳಿಗೆ, ಎರಡನೆಯದು, ಮೊದಲನೆಯದಕ್ಕೆ ಏನಾದರೂ ಆದರೆ ಇರಲಿ ಎಂದು ಮೀಸಲು. ಎರಡರ ಕಾಲಿಗೂ ಕೆಂಪು ದಾರ ಬಿತ್ತು. ಅಷ್ಟರಲ್ಲಿ ಪಂಚಮಿ ಬಂತು. ನಾನು ತವರಿಗೆ ಹೊರಟೆ. "ನಿಮ್ಮವ್ವಗ ಒಂದು ಹುಂಜ ಒಯ್ಯಿ. ಆ ಬಿಳೀ ದಾರದ್ದು" ಎಂದರು ಅತ್ತೆ. ಬಿಳಿ ದಾರದ್ದೂ ಕೆಂಪು ಬಣ್ಣದ್ದೇ, ಆದರೆ ಕಂಕುಳಲ್ಲಿ ಅವಚಿದರೆ ಒಣ ಕಟ್ಟಿಗೆಯಂತೆ.

ನನ್ನ ಅವ್ವನಿಗೆ ಆ ಕಟ್ಟಿಗೆ ಒಯ್ಯಲು ಮನಸ್ಸಾಗಲಿಲ್ಲ. ಬೆಳಗ್ಗೆ ಅತ್ತೆ ಕಾಲುವೆಗೆ ಹೋದಾಗ ಬಡಕಲಿನ ದಾರ ಬಿಚ್ಚಿ ಮೀಸಲಿನದಕ್ಕೆ ಕಟ್ಟಿದೆ, ಮೀಸಲಿನದರ ಕೆಂಪು ದಾರ ಬಿಚ್ಚಿ ಬಡಕಲಿಗೆ ಕಟ್ಟಿದೆ. ಮೀಸಲಿನದನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಗಾಡಿ ಹತ್ತಿದೆ.

ಎರಡು ವಾರ ಬಿಟ್ಟು ವಾಪಸಾದಾಗ ಹಿತ್ತಲು ಬಿಕೋ ಎನ್ನುತ್ತಿತ್ತು. ಕೋಳಿ ಬೇನೆ ಬಂದು ಹೋಗಿತ್ತು. ಉಳಿದದ್ದು ದೊಡ್ಡ ಹುಂಜ ಮತ್ತು ಮೂರು ಹ್ಯಾಟೆ. ಅತ್ತೆ ಕಟ್ಟೆಯ ಮೇಲೆ ಕುಳಿತು, "ಮೀಸಲಿಟ್ಟಿದ್ದೂ ಹೋತು ನೋಡು. ಎಂಥಾ ಹುಂಜ! ಬ್ಯಾನಿಗೆ ಸೊರಗಿ ಸೊರಗಿ, ಎತ್ತಿದ್ರ ಕೈಯಾಗ ಭಾರನ ಇದ್ದಿಲ್ಲ" ಎಂದು ಕಣ್ಣೊರೆಸಿಕೊಂಡರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ದುಃಖಕ್ಕೆ ಎಂದು ಅವರು ತಿಳಿದರು. ನಿಜ ಹೇಳಲು ಅದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ, ಹೇಳಲಿಲ್ಲ.

ಆ ಚಳಿಗಾಲದಲ್ಲಿ ಸಾವುಕಾರರು ಒಂದು ಕಾಗದ ಹಿಡಿದು ಬಂದರು. ಯುದ್ಧದ ಕಾಲ, ಜನ ಹೆಚ್ಚು ಬೆಳೆಯಲಿ, ಹೆಚ್ಚು ಸಾಕಲಿ ಎಂದು ಹೊಸಪೇಟೆಯಲ್ಲಿ ಪ್ರದರ್ಶನ ಇಟ್ಟಿದ್ದರು. ಕಬ್ಬು, ಬಾಳೆ, ಎತ್ತು, ಕೋಳಿ, ಎಲ್ಲಕ್ಕೂ ಬಹುಮಾನ. ಸಾವುಕಾರರು ಕಮಿಟಿಯ ಮೆಂಬರು. "ಮಾಂಸದ ಕೋಳಿ ಅಂತ ಬ್ಯಾರೇನ ಇಟ್ಟಾರ ಯಕ್ಕಾ. ನಿನ್ನ ಹುಂಜ ಒಯ್ದ್ರ ಮುಂದ ಯಾವುದೂ ನಿಲ್ಲಂಗಿಲ್ಲ."

"ಅದು ನನಗ ಗೊತ್ತೈತಿ" ಎಂದರು ಅತ್ತೆ.

"ಊರಿಗೂ ಗೊತ್ತಾಗಲಿ."

ಆ ಮಾತಿಗೆ ಅತ್ತೆ ಸೋತರು. ಇಪ್ಪತ್ತು ವರ್ಷದ ಕೆಲಸವನ್ನು ಒಬ್ಬ ಶಿವಭಕ್ತ ಮಾತ್ರ ಮೆಚ್ಚಿದ್ದರೆ ಯಾರಿಗೆ ತಾನೆ ಸಾಕಾದೀತು?

ಹುಂಜಕ್ಕೆ ಅರಿಶಿನದ ನೀರಿನಲ್ಲಿ ಕಾಲು ತೊಳೆದು, ಜುಟ್ಟಿಗೆ ಎಣ್ಣೆ ಸವರಿ, ಅತ್ತೆ ಮತ್ತು ನಾನು ಬಸ್ಸು ಹತ್ತಿದೆವು. ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುವ ಬಸ್ಸು. ಹೊಸಪೇಟೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಆಗ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ತೀರ್ಪು ಕೊಡುವ ಸಾಹೇಬರು ಮದ್ರಾಸಿನವರು, ತಮಿಳಿನಲ್ಲಿ ಮಾತಾಡುವರು. ಅದನ್ನು ಗುಮಾಸ್ತ ತೆಲುಗಿಗೆ ತಿರುಗಿಸುವನು, ತೆಲುಗನ್ನು ಜವಾನ ಕನ್ನಡಕ್ಕೆ ತರುವನು. ಸಾಹೇಬರು ನಮ್ಮ ಹುಂಜದ ಮುಂದೆ ತುಂಬ ಹೊತ್ತು ನಿಂತು, ತಲೆದೂಗಿ, ಏನೋ ಉದ್ದಕ್ಕೆ ಹೇಳಿದರು. ಗುಮಾಸ್ತ ಅದರ ಅರ್ಧ ಹೇಳಿದ. ಜವಾನ ಇನ್ನೂ ಅರ್ಧ ಮಾಡಿ, "ಇದರ ಮಾಂಸ ಹೆಂಗೈತಿ ಅಂತ ಸಾಹೇಬ್ರು ನೋಡ್ತಾರಂತ. ಒಪ್ಪಿಗಿ ಐತೇನವ್ವಾ?" ಎಂದ.

"ನೋಡ್ಲಿ ಬಿಡ್ರಿ. ಅದಕ್ಕ ತಂದೀವಿ" ಎಂದರು ಅತ್ತೆ. ಎರಡು ಬೆರಳು ಎಲ್ಲಿಡಬೇಕು ಎಂದು ಜವಾನನಿಗೆ ತೋರಿಸಿಯೂ ಕೊಟ್ಟರು. ಅವನು ಹುಂಜವನ್ನು ಎತ್ತಿಕೊಂಡು ಪೆಂಡಾಲಿನ ಹಿಂದಕ್ಕೆ ಹೋದ.

ನಾವು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತೆವು. ಸ್ವಲ್ಪ ಹೊತ್ತಿಗೆ ಪೆಂಡಾಲಿನ ಹಿಂದಿನಿಂದ ಘಮ್ಮೆಂದು ಸಾರಿನ ವಾಸನೆ ಬಂತು. ಅತ್ತೆ ಮೂಗರಳಿಸಿ, "ಮಸಾಲಿ ಛಲೋ ಅರದಾರ. ಕೋಳಿನೂ ಛಲೋದ ಇರಬೇಕು" ಎಂದರು.

ಮಧ್ಯಾಹ್ನದ ಮೇಲೆ ಹೆಸರು ಕೂಗಿದರು. ಅತ್ತೆಗೆ ಮೊದಲನೇ ಬಹುಮಾನ, ಒಂದು ಹಿತ್ತಾಳೆ ತಂಬಿಗೆ ಮತ್ತು ಕಿರೀಟದ ಚಿತ್ರವಿದ್ದ ಕಾಗದ. ಅತ್ತೆ ಎರಡನ್ನೂ ಎದೆಗವಚಿಕೊಂಡು ಬಂದು ಜವಾನನನ್ನು ಕೇಳಿದರು. "ಹುಂಜ ಎಲ್ಲೈತ್ರಿ? ಬಸ್ಸಿಗೆ ಹೊತ್ತಾತು."

ಜವಾನ ತಬ್ಬಿಬ್ಬಾದ. "ಯವ್ವಾ, ಅದನ್ನ ತಿಂದು ನೋಡೇ ಅಲ್ಲೇನು ಬಹುಮಾನ ಕೊಟ್ಟಿದ್ದು? ನೀನ ಒಪ್ಪಿಗಿ ಕೊಟ್ಟಿ."

ಅತ್ತೆ ಪೆಂಡಾಲಿನ ಹಿಂದೆ ಏಳುತ್ತಿದ್ದ ಹೊಗೆಯ ಕಡೆ ತಿರುಗಿದರು.

ಸಮಾಧಾನ ಹೇಳಬೇಕೆಂದು ಅವನು ಸೇರಿಸಿದ. "ಸಾಹೇಬ್ರು ಭಾಳ ಖುಷಿ ಆಗ್ಯಾರ. ಇಂಥಾ ತಳಿ ಉಳಿಸಿ ಬೆಳಸಬೇಕು ಅಂದ್ರು."

ವೇದಿಕೆಯ ಮೇಲಿದ್ದ ಸಾವುಕಾರರು ಸುದ್ದಿ ತಿಳಿದು ಓಡಿ ಬಂದರು. ಅವರ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. ಅವರನ್ನು ಅತ್ತೆಯೇ ಸಮಾಧಾನ ಮಾಡಬೇಕಾಯಿತು.

ವಾಪಸು ಬಸ್ಸಿನಲ್ಲಿ ಅತ್ತೆ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. "ಬೀಜನ ಹೋತು" ಎಂದರು ಒಮ್ಮೆ. ಮಲಪನಗುಡಿ ಹತ್ತಿರ ಬರುತ್ತಿತ್ತು.

"ಅತ್ತಿ, ಬೈಬ್ಯಾಡ್ರಿ. ಬೀಜ ಹೋಗಿಲ್ಲ. ನಮ್ಮವ್ವನ ಮನ್ಯಾಗ ಐತಿ" ಎಂದೆ. ದಾರ ಬದಲಿಸಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅತ್ತೆ ನನ್ನನ್ನು ನೋಡಿದರು. ಬಸ್ಸಿನ ತುಂಬ ಜನ ಇದ್ದದ್ದು ನನ್ನ ಪುಣ್ಯ. "ಅಂದ್ರ ನಾ ಅತ್ತಿದ್ದು ಆ ಬಡಕಲಿಗೇನು?"

"ಹೂಂ ರೀ."

"ಅದಕ್ಕ ಭಾರ ಇದ್ದಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕೇಳಿದರು. "ಎರಡೂ ಕೆಂಪನವ, ಗಡಿಬಿಡ್ಯಾಗ ಬ್ಯಾರೆ ಇದ್ದಿ. ಹೆಂಗ ಗೊತ್ತು ಮಾಡಿದಿ, ದಾರ ನೋಡಿ?"

"ಇಲ್ಲ ರೀ. ಎದಿ ಸವರಿ."

ಮಲಪನಗುಡಿಯಲ್ಲಿ ಬಸ್ಸು ನಿಂತಾಗ ಅತ್ತೆ ನನಗಿಂತ ಮೊದಲು ಇಳಿದರು.

ನನ್ನ ಅವ್ವ ಬೀಗತಿಯನ್ನು ಕಂಡವಳೇ ಕಾಲಿಗೆ ನೀರು ಕೊಟ್ಟು ಸಂಭ್ರಮಪಟ್ಟಳು. ಅಂಗಳದಲ್ಲಿ ಮೀಸಲಿನ ಹುಂಜ ರಾಜನಂತೆ ಓಡಾಡುತ್ತಿತ್ತು. ನಾವು ಬಾಯಿ ತೆರೆಯುವ ಮೊದಲೇ ಅವ್ವ, "ಅಕ್ಕಾರ, ನಿಮ್ಮಂಥಾ ದೊಡ್ಡ ಮನಸ್ಸು ಯಾರಿಗೂ ಬರಂಗಿಲ್ಲ ನೋಡ್ರಿ. ಬೀಗರಿಗೆ ಜನ ಮುದಿ ಕೋಳಿ ಕೊಟ್ಟು ಕೈ ತೊಳಕೊಂತಾರ. ನೀವು ಬೀಜದ ಹುಂಜನ ಕಳಿಸೀರಿ. ಊರಿಗೆಲ್ಲ ಹೇಳೀನಿ ನಾನು" ಎಂದಳು.

ಅತ್ತೆ ನನ್ನ ಕಡೆ ಒಂದು ಸಲ ನೋಡಿ, "ಕೊಡಾಕತ್ತಿದ ಮ್ಯಾಲ ಒಳ್ಳೇದ ಕೊಡಬೇಕ್ರಿ" ಎಂದರು. ಕೊಟ್ಟ ಹುಂಜವನ್ನು ತಿರುಗಿ ಕೇಳುವ ದಾರಿ ಅಲ್ಲಿಗೆ ಮುಚ್ಚಿತು.

ಅವ್ವ ಅಷ್ಟಕ್ಕೇ ಬಿಡಲಿಲ್ಲ. ಬೀಗತಿ ಮೊದಲ ಸಲ ಮನೆಗೆ ಬಂದಿದ್ದಾರೆಂದು ಕುಡುಗೋಲು ಮಣೆ ಎಳೆದು, "ಕುಂದ್ರಿ, ಊಟಾ ಮಾಡ್ಕೊಂಡ ಹೋಗಬೇಕು. ನೀವು ಕೊಟ್ಟಿದ್ದನ್ನ ನಿಮಗ ಉಣಸ್ತೀನಿ" ಎಂದು ಹುಂಜದ ಕಡೆ ಹೆಜ್ಜೆ ಹಾಕಿದಳು.

"ಬ್ಯಾಡ್ರಿ!" ಅತ್ತೆ ಅರಚಿದ್ದಕ್ಕೆ ಹುಂಜವೂ ಬೆಚ್ಚಿತು. "ನಾ ಸೋಮವಾರ ತಿನ್ನಂಗಿಲ್ಲ."

"ಇವತ್ತು ಬುಧವಾರ ಅಕ್ಕಾರ."

"ಬುಧವಾರನೂ ತಿನ್ನಂಗಿಲ್ಲ."

ಅವ್ವನಿಗೆ ಭಕ್ತಿ ಉಕ್ಕಿತು. ವಾರಕ್ಕೆ ಎರಡು ದಿನ ಬಿಡುವ ಬೀಗತಿಗೆ ಹುರುಳಿಕಾಳಿನ ಸಾರು ಮಾಡಿ ಬಡಿಸಿದಳು. ಬೇವಿನ ಮರದ ಕೆಳಗಿನ ಬುತ್ತಿಯ ಮೇಲೆ ಏನೂ ತಿಂದಿರದ ಅತ್ತೆ ಅದನ್ನು ಎರಡು ಸಲ ಹಾಕಿಸಿಕೊಂಡರು. ಕೈ ತೊಳೆಯುವಾಗ, ಏನೋ ಈಗ ನೆನಪಾದಂತೆ, ನಮ್ಮಲ್ಲಿ ಒಂದು ಹ್ಯಾಟೆ ಕಾವಿಗೆ ಕೂತಿದೆ, ಮೊಟ್ಟೆ ಸಾಲದು ಎಂದರು. ಅವ್ವ ಭತ್ತದ ಹೊಟ್ಟು ಹಾಸಿದ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆ ಇಟ್ಟು ಕೊಟ್ಟಳು. ನಾವು ಹೊರಡುವಾಗ ಅತ್ತೆ ಹುಂಜವನ್ನು ಎತ್ತಿ ಎದೆ ಸವರಿದರು. ನನಗೆ ಮಾತ್ರ ಕೇಳುವಂತೆ, "ಕದ್ದಿದ್ದು ತಪ್ಪು. ಆರಿಸಿದ್ದು ಬರೋಬರಿ ಐತಿ" ಎಂದರು.

ನಾವು ಹತ್ತಿದ ಸಂಜೆಯ ಬಸ್ಸು ಕಮಲಾಪುರದ ಏರಿನಲ್ಲಿ ಏದುಸಿರು ಬಿಟ್ಟು ನಿಂತುಬಿಟ್ಟಿತು. ಎಲ್ಲರೂ ಇಳಿದು ತಳ್ಳಬೇಕೆಂದು ಡ್ರೈವರ್ ಕೂಗಿದ. ಎಲ್ಲರೂ ಇಳಿದರು. ಅತ್ತೆ ಬುಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತೇ ಇದ್ದರು. "ಬಸುರಿ ಇದ್ದಾರೇನು?" ಎಂದು ಯಾರೋ ಅವರ ನರೆತ ತಲೆಯನ್ನು ನೋಡಿ ನಕ್ಕರು. "ಹೂಂ, ಹನ್ನೊಂದು" ಎಂದರು ಅತ್ತೆ.

ಎಂಟು ಮರಿ ಎದ್ದವು. ತಂದೆ ನಮ್ಮ ತಳಿ, ತಾಯಿ ಅವ್ವನ ಮನೆಯದು. ರಕ್ತ ಬೇರೆಯಾದದ್ದೇ ಒಳ್ಳೆಯದಾಯಿತು ಎಂದು ಅತ್ತೆ ಆಮೇಲೆ ಅದನ್ನು ತಮ್ಮದೇ ಯೋಜನೆ ಎಂಬಂತೆ ಹೇಳುತ್ತಿದ್ದರು. ಆರು ತಿಂಗಳಿಗೆ ಎರಡು ಹುಂಜ ಎದ್ದು ಕಂಡವು. ಮೀಸಲಿಗೆ ಅವ್ವನ ಮನೆಯದು ಹೇಗೂ ಇತ್ತು, ಹಾಗಾಗಿ ಅವುಗಳಲ್ಲಿ ಒಂದು ಮಾತ್ರ ಉಳಿಯಬೇಕು. ಅತ್ತೆ ಕೆಂಪು ದಾರವನ್ನು ನನ್ನ ಕೈಗೆ ಕೊಟ್ಟು, "ನೀನ ಕಟ್ಟು" ಎಂದು ಬೆನ್ನು ತಿರುಗಿಸಿ ನಿಂತರು.

ನಾನು ಎರಡನ್ನೂ ಅವಚಿ ನೋಡಿದೆ, ನಡೆಸಿ ನೋಡಿದೆ, ಮತ್ತೆ ಅವಚಿ ನೋಡಿದೆ. ಕೊನೆಗೆ ಕರಿ ಬಾಲದ್ದಕ್ಕೆ ದಾರ ಕಟ್ಟಿದೆ. ಇನ್ನೊಂದು ಒಲೆ ಸೇರಿತು. ಕೂದಲೆಳೆಯಷ್ಟು ಕಡಿಮೆಯಿದ್ದ ಹುಂಜ ಅದು. ಇಷ್ಟು ಒಳ್ಳೆಯದು ಆ ಮನೆಯ ಪಾತ್ರೆಗೆ ಬಿದ್ದದ್ದು ಅದೇ ಮೊದಲು. ಮಾಂಸ ಎಲುಬಿನಿಂದ ತಾನೇ ಬಿಟ್ಟುಕೊಳ್ಳುತ್ತಿತ್ತು. ಗಂಡ ಈ ಸಲ ಜಗಿದೇ ಉಂಡರು. ಅತ್ತೆ ಕಣ್ಣು ಮುಚ್ಚಿ ಒಂದು ತುಂಡು ಜಗಿದರು, ನುಂಗಿದರು, ಇನ್ನೊಂದು ತುಂಡು ಎತ್ತಿಕೊಂಡರು.

"ತಪ್ಪು ಆರಿಸೀದಿ" ಎಂದರು ಕೊನೆಗೆ. "ಇದನ್ನ ಉಳಸಬೇಕಿತ್ತು."

"ಇನ್ನೊಂದು ಇದಕ್ಕಿಂತ ಛಲೋ ಇರಬೌದಲ್ರಿ ಅತ್ತಿ?"

"ಇರಬೌದು. ತಿಂದು ನೋಡಿದ್ರ ಗೊತ್ತಾಗತೈತಿ" ಎಂದು ಹೇಳಿ, ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.