ಸುಟ್ಟ ಮಣ್ಣೆತ್ತು

ಮೊನ್ನೆ ಪರಿಚಯದವರೊಬ್ಬರ ಮನೆಯ ಗಾಜಿನ ಕಪಾಟಿನಲ್ಲಿ ಸುಟ್ಟ ಮಣ್ಣಿನ ಎತ್ತೊಂದನ್ನು ಕಂಡೆ. ಬೆರಳಿನಿಂದ ತಟ್ಟಿದರೆ ಟಣ್ ಎಂದಿತು. ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಕಾರಣ ಹೇಳುತ್ತೇನೆ, ಕೇಳಿ. ನಗು ಬಂದಲ್ಲಿ ನಕ್ಕುಬಿಡಿ, ನನ್ನದೇನೂ ತಕರಾರಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಗುಡಗೇರಿ ಹತ್ತಿರದ ಹಳ್ಳಿಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಸುತ್ತ ಹತ್ತು ಹಳ್ಳಿಗೆ ನಾನೊಬ್ಬನೇ ಕಲಾವಿದ ಎಂಬ ಗತ್ತು ಬೇರೆ. ಎರೆಮಣ್ಣಿಗೆ ಕೆರೆಯ ಗೋಡು, ಕುದುರೆ ಲದ್ದಿ, ಜೋಳದ ಹೊಟ್ಟು ಕಲಸಿ ಹುತ್ತ, ಹತ್ತಿಕಾಯಿ, ಗೀಜಗನ ಗೂಡಿನ ಆಕಾರಗಳನ್ನು ಮಾಡುತ್ತಿದ್ದೆ. ಊರವರು ತಿರುಗಿಸಿ ಮುರುಗಿಸಿ ನೋಡಿ, "ಅಗದಿ ಛಲೋ ಐತ್ರಿ. ಇದರಾಗ ನೀರು ನಿಲ್ತೈತೇನ್ರಿ?" ಎನ್ನುತ್ತಿದ್ದರು.

ನನಗೆ ಕೋಣೆ ಕೊಟ್ಟಿದ್ದ ಗಂಗವ್ವ ಮಾತ್ರ ಹಾಗೆ ಕೇಳಿದವಳಲ್ಲ. ಅವಳ ಮುದಿ ಎತ್ತು ಮಲ್ಯಾನನ್ನು ಹಿಂದಿನ ವರ್ಷ ಅಳಿಯ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟಿದ್ದ. ಆಮೇಲೆ ಅದು ಎಲ್ಲಿಗೆ ಹೋಯಿತೋ, ಹೇಗೆ ಸತ್ತಿತೋ ತಿಳಿಯಲೇ ಇಲ್ಲ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಅವಳು ತನ್ನ ಹೊಲದ ಮಣ್ಣನ್ನೇ ಬುಟ್ಟಿ ತುಂಬ ತಂದಿಟ್ಟಳು.

"ಮಾಸ್ತರ್ರ, ನಮ್ಮ ಮಲ್ಯಾನಂಗ ಒಂದು ಎತ್ತು ಮಾಡಿಕೊಡ್ರಿ. ಎಡಗೋಡು ತುಸು ಬಾಗಿರ್ಲಿ."

ಮಾಡಿದೆ. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಮತ್ತೆ ಆಗಿಲ್ಲ. ಗುಲಗಂಜಿಯ ಕಣ್ಣುಗಳನ್ನು ಅವಳೇ ಒತ್ತಿದಳು, ಹೋಳಿಗೆಯ ಎಡೆ ಹಿಡಿದಳು. ಮರುದಿನ ಎತ್ತನ್ನು ದೇವರ ಜಗಲಿಯ ಮೇಲೆ ಬಿಟ್ಟು, "ಬಂದ ಮ್ಯಾಲೆ ಹೊಲಕ್ಕ ಒಯ್ತೀನ್ರಿ" ಎಂದು ಹೇಳಿ ಮಗಳನ್ನು ನೋಡಲು ತಿರ್ಲಾಪುರಕ್ಕೆ ಹೋದಳು. ಹೊಲಕ್ಕೆ ಯಾಕೆಂದು ನಾನು ಕೇಳಲಿಲ್ಲ. ಇಂಥ ಎತ್ತು ಹೊಲದಲ್ಲಿ ಮಳೆಗೆ ಕರಗಿ ಹೋಗುವುದೆಂದರೆ ನನ್ನ ಜೀವ ತಡೆಯಲಿಲ್ಲ. ಅದು ಒಣಗಿದ ಮೇಲೆ, ಗಟ್ಟಿ ಮಾಡಿಸಿ ಅವಳನ್ನು ಬೆರಗುಗೊಳಿಸೋಣವೆಂದು ಮಡಕೆ ಸುಡುವ ಕುಂಬಾರ ಈರಪ್ಪನ ಆವಿಗೆಗೆ ಹೊತ್ತೊಯ್ದೆ.

"ಪೂಜಿ ಆದದ್ದೇನ್ರಿ ಇದು?" ಎಂದು ಅವನು ಅನುಮಾನದಿಂದ ಕೇಳಿದ.

"ಅಲ್ಲಪಾ" ಎಂದೆ. ಸುಳ್ಳು ಸಲೀಸಾಗಿ ಬಂತು.

ಗಂಗವ್ವ ತಿರುಗಿ ಬಂದ ದಿನ, ಕೆಂಪಗೆ ಬೆಂದ ಎತ್ತನ್ನು ಅವಳ ಕೈಗಿಟ್ಟು ಶಾಬಾಸ್ ಅನ್ನಿಸಿಕೊಳ್ಳಲು ನಿಂತೆ. ಗುಲಗಂಜಿ ಉರಿದುಹೋಗಿ ಕಣ್ಣಿದ್ದಲ್ಲಿ ಎರಡು ಕರಿ ತೂತುಗಳಿದ್ದವು. ಅವಳು ಅವುಗಳ ಮೇಲೆ ಬೆರಳಾಡಿಸಿದಳು.

"ಎಪ್ಪಾ, ಸುಟ್ಟಿಯಾ? ನನ್ನ ಮಲ್ಯಾನ್ನ ಸುಟ್ಟಿಯಾ?"

ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುತ್ತಾರೆ. ಗಂಗವ್ವನವರಲ್ಲಿ ಮಣ್ಣು ಕೊಡುತ್ತಾರೆ; ಮನೆಗೆ ದುಡಿದ ಎತ್ತಿಗೂ ಅದೇ ಮರ್ಯಾದೆ. ಆ ಓಣಿಯವರ ಎಷ್ಟೋ ಮಣ್ಣಿಗೆ ಹೋಗಿ ಬಂದವನು ನಾನು. ಆದರೂ ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ.

"ಅದರ ಹೆಣಾ ಅಂತೂ ನನಗ ಸಿಗಲಿಲ್ಲ. ಇದನ್ನರ ಹೊಲದಾಗ ಹುಗದಿದ್ರ ಮಳಿಗೆ ಕರಗಿ ಮಣ್ಣಾಕ್ಕಿತ್ತು. ಇದು ಇನ್ನ ಯಾವಾಗ ಮಣ್ಣಾಗಬೇಕೋ ಎಪ್ಪಾ?"

ಇನ್ನೊಂದು ಮಾಡಿಕೊಡುತ್ತೇನೆ ಎಂದು ತೊದಲಿದೆ.

"ಮಲ್ಯಾ ಎಷ್ಟು ಸಲ ಸಾಯಬೇಕು?" ಎಂದಳು.

ಮರುದಿನ ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಹೊಲದಲ್ಲಿ ಹುಗಿದಳು. ಹಿಂದೆಯೇ ಹೋದೆ, ಗುದ್ದಲಿ ಮುಟ್ಟಲು ನನಗೆ ಬಿಡಲಿಲ್ಲ.

ಮೊನ್ನೆ ಚಹಾ ಬಿಟ್ಟು ಮನೆಗೆ ಬಂದವನೇ, ಸುಡಲೆಂದು ಹಿತ್ತಲಲ್ಲಿ ಒಣಗಿಸಿದ್ದ ಗೊಂಬೆಗಳನ್ನೆಲ್ಲ ನೀರಿಗೆ ಹಾಕಿದೆ. ತಾಸಿನೊಳಗೆ ಕರಗಿ ರಾಡಿಯಾದವು. ಇಷ್ಟು ವರ್ಷದಲ್ಲಿ ಗಂಗವ್ವನಿಗೂ ಅದೇ ಹೊಲದಲ್ಲಿ ಮಣ್ಣು ಕೊಟ್ಟಾಗಿದೆ, ಅವಳೂ ಮಣ್ಣಾಗಿದ್ದಾಳೆ. ಅವಳ ಬಾಜೂಕ್ಕೆ ನಾನು ಸುಟ್ಟ ಎತ್ತು ಇನ್ನೂ ಹಾಗೇ ಇದೆ.